ಕ್ಯಾಶುವಾಲ್ಟಿಯಲ್ಲಿ ನಮ್ಮ ನಂತರ ಬಂದವರನ್ನು ಮೊದಲು ಕರೆದರು, ಇದು ಸರಿನಾ?

ಡೊಂಬಿವ್ಲಿ ಲೋಕಲ್ ಕೇಳಿದ್ದು:

ಹುಬ್ಬಳ್ಳಿಯಿಂದ ಅಪ್ಪ ನಮ್ಮಲ್ಲಿಗೆ ಬಂದು ಹದಿನೈದು ದಿನ ಆಯ್ತು. 68 ವರ್ಷ, ಶುಗರ್ ಇದೆ. ನಿನ್ನೆ ರಾತ್ರಿ ಒಂದೂವರೆಗೆ ಎದ್ದು ಕೂತು "ಎದಿ ಉರಿಲಿಕತ್ತೈತಿ" ಅಂದರು. ಬನಿಯನ್ ಹಿಂಡುವಷ್ಟು ಬೆವರು. ರಿಕ್ಷಾ ಹಿಡಿದು ಹತ್ತಿರದ ಆಸ್ಪತ್ರೆಗೆ ಓಡಿದೆ. ಕೌಂಟರಿನಲ್ಲಿ "ಕಾಯ್ ಝಾಲಂ?" (ಏನಾಯ್ತು?) ಅಂದರು. "ಆ್ಯಸಿಡಿಟಿ" ಅಂದೆ. ಕೇಸ್ ಪೇಪರ್ ಕೊಟ್ಟು ಕೂರಿಸಿದರು. ಐವತ್ತು ನಿಮಿಷ! ಅಷ್ಟರಲ್ಲಿ ಬೈಕಿನಿಂದ ಬಿದ್ದ ಹುಡುಗ, ಉಬ್ಬಸದ ಮಗು, ಇಬ್ಬರೂ ನಮ್ಮ ಮುಂದೆಯೇ ಒಳಗೆ ಹೋದರು. ಆಮೇಲೆ ಇಸಿಜಿ, ರಕ್ತ. ಎಲ್ಲ ಸರಿ ಇದೆ ಅಂದರು. ಆದರೂ ಮನೆಗೆ ಬಿಡಲಿಲ್ಲ, ಮೂರು ತಾಸು ಬಿಟ್ಟು ಮತ್ತೆ ಅದೇ ರಕ್ತ ಪರೀಕ್ಷೆ. ಬಿಲ್ ಏರಿಸೋಕೆ ಅಲ್ವಾ? ಅಪ್ಪ ಈಗ ಆರಾಮ.

ಕುಂದಾಪುರದ ಸಿಸ್ಟರ್:

ಮುಂಬೈಯ ಮುನ್ಸಿಪಲ್ ಆಸ್ಪತ್ರೆಯಲ್ಲಿ 26 ವರ್ಷ ಇದ್ದೆ, ಅದರಲ್ಲಿ ಹನ್ನೊಂದು ಕ್ಯಾಶುವಾಲ್ಟಿಯಲ್ಲೇ. ಹಾಗಾಗಿ ಸ್ವಲ್ಪ ಬಯ್ಯುತ್ತೇನೆ. ಅಪ್ಪ ಹೇಳಿದ್ದು ಉರಿ. ಆ್ಯಸಿಡಿಟಿ ಅಂದವರು ನೀವು! ಅಲ್ಲಿ ಬಂದ ಸರದಿ ನಡೆಯುವುದಿಲ್ಲ. ಯಾರ ಜೀವಕ್ಕೆ ಅಪಾಯ ಜಾಸ್ತಿಯೋ ಅವರು ಮೊದಲು. ಉಸಿರು ಸಿಗದ ಮಗುವನ್ನು ಕೂರಿಸಲು ಆಗುತ್ತದಾ? ನಿಮ್ಮ ಒಂದು ಮಾತಿಗೆ ಅಪ್ಪ ಹಿಂದಿನ ಸಾಲಿಗೆ ಹೋದರು. "ಛಾತೀತ್ ಜಳಜಳ್, ಘಾಮ್ ಆಲಾ, ಶುಗರ್ ಆಹೆ" ಅಂತ, ಅಂದರೆ ಎದೆಯಲ್ಲಿ ಉರಿ, ಬೆವರು ಬಂತು, ಶುಗರ್ ಇದೆ ಅಂತ ಮರಾಠಿಯಲ್ಲಿ ಹೇಳಿದ್ದರೆ ಸಾಕಿತ್ತು. ಎದೆಯ ತೊಂದರೆ ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹಾಗಂತ, ಅಷ್ಟು ಬೆವರಿದವರನ್ನು ನೋಡಿಯೂ ಒಂದು ಮಾತು ಕೇಳದೆ ಕೂರಿಸಿದ್ದು ಅವರ ತಪ್ಪೇ. ಶುಗರ್ ಇರುವವರಿಗೆ ಹಾರ್ಟ್ ಅಟ್ಯಾಕ್ ಆದರೂ ಕೆಲವೊಮ್ಮೆ ದೊಡ್ಡ ನೋವೇ ಇರುವುದಿಲ್ಲ.

ಎರಡನೇ ರಕ್ತ ಪರೀಕ್ಷೆ ಬಿಲ್ಲಿಗಲ್ಲ ಮಾರಾಯ್ರೆ. ಅದು ಟ್ರೋಪೋನಿನ್. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ರಕ್ತಕ್ಕೆ ಇಳಿಯುತ್ತದೆ, ಆದರೆ ಕೂಡಲೇ ಕಾಣುವುದಿಲ್ಲ. ಮೊದಲ ಸಲ ಸರಿ ಬಂದಿತು ಅಂತ ಮನೆಗೆ ಕಳಿಸಿದ್ದರೆ ನಾನು ಆ ಆಸ್ಪತ್ರೆಗೇ ಬಯ್ಯುತ್ತಿದ್ದೆ.

ಇನ್ನೊಮ್ಮೆ ಹೀಗಾದರೆ ರಿಕ್ಷಾ ಬೇಡ, 108. ದುಡ್ಡು ಕೊಡಬೇಕಿಲ್ಲ, ದಾರಿಯಲ್ಲೇ ಆಕ್ಸಿಜನ್ ಸಿಗುತ್ತದೆ.

ಮುಲುಂಡ್ ಈಸ್ಟ್:

ಸಿಸ್ಟರ್ ಹೇಳಿದ್ದು ನಿಜ. ಆ ಬೈಕ್ ಹುಡುಗನ ಬಗ್ಗೆ ಒಂದು ಮಾತು. ಅಪಘಾತದ ಕೇಸಿನಲ್ಲಿ ಪೊಲೀಸ್ ಕಾಗದ ಆಮೇಲೆ, ಚಿಕಿತ್ಸೆ ಮೊದಲು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್) ಅಂತ ಬರೆದುಕೊಂಡು ಸೀದಾ ಒಳಗೆ ಒಯ್ಯುತ್ತಾರೆ. ಮತ್ತೆ, ಅಪ್ಪನ ಗುಳಿಗೆ ಶೀಟುಗಳ ಫೋಟೋ ಇವತ್ತೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಮ್ಮ ಅತ್ತೆಗೆ ಡಾಕ್ಟರು ಕೇಳಿದಾಗ "ಬಿಳಿ ಗುಳಿಗೆ, ಗುಂಡಗೆ" ಅಷ್ಟೇ ನೆನಪಿತ್ತು. ಎಲ್ಲವೂ ಬಿಳಿಯೇ, ಗುಂಡಗೇ!

ಡೊಂಬಿವ್ಲಿ ಲೋಕಲ್:

ಸಿಸ್ಟರ್, ಬೈದಿದ್ದು ಒಳ್ಳೇದಾಯ್ತು. ನಿಮ್ಮ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಆಗ ಬಾಯಿ ಬಿಟ್ಟರು, ಎಡಗೈ ಕೂಡ ಜೋಮು ಹಿಡಿದಿತ್ತಂತೆ. ಯಾಕೆ ಹೇಳಲಿಲ್ಲ ಅಂದರೆ "ನೀನ ಆ್ಯಸಿಡಿಟಿ ಅಂದ್ಯಲ್ಲ, ನಾ ಸುಮ್ನಾದ್ಯಾ" ಅಂದರು. ಆಸ್ಪತ್ರೆಗೆ ಫೋನ್ ಮಾಡಿ ಇದನ್ನೂ ಹೇಳಿದೆ, ಈಗಲೇ ಕರೆತನ್ನಿ ಅಂದಿದ್ದಾರೆ. ಹೊರಟಿದ್ದೇವೆ. ಈ ಸಲ ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಚೀಟಿಯಲ್ಲಿ ಬರೆದುಕೊಂಡಿದ್ದೇನೆ.