ಪೆಪ್ಟೈಡ್ ಕೊಟ್ಟರೆ ಸಿಗ್ನಲ್ ಇದೆ, ಇಡೀ ಓವಾಲ್ಬುಮಿನ್ (ಮೊಟ್ಟೆಯ ಬಿಳಿಯ ಪ್ರೋಟೀನ್) ಕೊಟ್ಟರೆ ಇಲ್ಲ. ಯಾಕೆ?

ಪ್ರಶ್ನೆ
ಸಿ57 ಬ್ಲ್ಯಾಕ್ 6 ಇಲಿಯ ಮೂಳೆಮಜ್ಜೆಯನ್ನು 20 ನ್ಯಾನೊಗ್ರಾಂ/ಮಿಲಿ ಜಿಎಂ-ಸಿಎಸ್‌ಎಫ್‌ನಲ್ಲಿ (ಕೋಶ ಬೆಳೆಸುವ ಸಂಕೇತ ಪ್ರೋಟೀನ್) 7 ದಿನ ಬೆಳೆಸಿದ ಡೆಂಡ್ರೈಟಿಕ್ ಕೋಶಗಳಿವು (ಪ್ರೋಟೀನ್ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುವ ರೋಗನಿರೋಧಕ ಕೋಶಗಳು). ಓವಾಲ್ಬುಮಿನ್‌ನದೇ ತುಣುಕಾದ ಸಿನ್‌ಫೆಕಲ್ ಪೆಪ್ಟೈಡ್ ಹಾಕಿದರೆ, ಆ ತುಣುಕು ಕೋಶದ ಮೇಲ್ಮೈಯಲ್ಲಿ ಪ್ರದರ್ಶನವಾದಾಗ ಗುರುತಿಸುವ 25-ಡಿ1.16 ಆ್ಯಂಟಿಬಾಡಿ ಚೆನ್ನಾಗಿ ಅಂಟುತ್ತದೆ. ಓವಾಲ್ಬುಮಿನ್ 500 ಮೈಕ್ರೊಗ್ರಾಂ/ಮಿಲಿ ಕೊಟ್ಟು 4 ಗಂಟೆ ಬಿಟ್ಟರೂ ಏನೂ ಇಲ್ಲ. ಫ್ಲೋರೊಸೆಂಟ್ ಓವಾಲ್ಬುಮಿನ್ ಒಳಗೆ ಹೋಗುವುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ಉತ್ತರ 1
ಒಳಗೆ ಹೋದದ್ದೆಲ್ಲ ಹೊರಗೆ ಪ್ರದರ್ಶನವಾಗುವುದಿಲ್ಲ. ನೀವು ಹಾಕಿದ ಪೆಪ್ಟೈಡ್ ಕೋಶದ ಮೇಲ್ಮೈಯಲ್ಲಿರುವ ಎಚ್-2ಕೆಬಿ (ತುಣುಕನ್ನು ಟಿ ಕೋಶಕ್ಕೆ ತೋರಿಸುವ ಕ್ಲಾಸ್ 1 ಅಣು) ಮೇಲೆ ನೇರವಾಗಿ ಕೂರುತ್ತದೆ. ಅದರಿಂದ ಆ್ಯಂಟಿಬಾಡಿ ಸರಿಯಿದೆ ಎಂದಷ್ಟೇ ಗೊತ್ತಾಗುತ್ತದೆ. ಪ್ರೋಟೀನ್ ಹಾಗಲ್ಲ. ಸಾಮಾನ್ಯ ದಾರಿಯಲ್ಲಿ ಅದು ಎಂಡೋಸೋಮ್‌ನಿಂದ (ನುಂಗಿದ್ದನ್ನು ಇಟ್ಟುಕೊಳ್ಳುವ ಚೀಲ) ಸೈಟೋಸಾಲ್‌ಗೆ ದಾಟಬೇಕು, ಪ್ರೋಟೀನ್ ಕತ್ತರಿಸುವ ಯಂತ್ರವಾದ ಪ್ರೋಟಿಯಸೋಮ್ ತುಣುಕಿನ ಸಿ-ತುದಿ ಕತ್ತರಿಸಬೇಕು, ಟ್ಯಾಪ್ ಎಂಬ ಸಾಗಣೆ ಪ್ರೋಟೀನ್ ಆ ತುಣುಕನ್ನು ಕ್ಲಾಸ್ 1 ಅಣುಗಳಿರುವ ಕೋಣೆಯ ಒಳಕ್ಕೆ ಸಾಗಿಸಬೇಕು, ಎನ್-ತುದಿಯನ್ನು ಸವರಿ 8 ಅಮೈನೊ ಆಮ್ಲಕ್ಕೆ ತರಬೇಕು. ಬಹುಪಾಲು ಲೈಸೋಸೋಮ್‌ನಲ್ಲೇ ಚೂರಾಗುತ್ತದೆ, ಕ್ಲಾಸ್ 2ಕ್ಕೆ (ಈ ಆ್ಯಂಟಿಬಾಡಿ ನೋಡದ ಇನ್ನೊಂದು ಬಗೆಯ ಪ್ರದರ್ಶನ ಅಣು) ಹೋಗುವುದೂ ಅದರಲ್ಲೇ. ಕೊನೆಗೆ ಉಳಿದ ಅಲ್ಪಸ್ವಲ್ಪವನ್ನು ಹಿಡಿಯುವಷ್ಟು ಸೂಕ್ಷ್ಮತೆ 25-ಡಿ1.16ಗೆ ಇಲ್ಲ. ಟಿ ಕೋಶಕ್ಕೆ ಇದೆ. ಬಿ3ಝಡ್ ಹೈಬ್ರಿಡೋಮಾ ಬಳಸಿ; ಅದು ಈ ತುಣುಕನ್ನು ಗುರುತಿಸಿದಾಗ ಬೀಟಾ-ಗ್ಯಾಲಕ್ಟೊಸಿಡೇಸ್ ಕಿಣ್ವ ತಯಾರಿಸುವ ಟಿ ಕೋಶ ಸಾಲು.

ಉತ್ತರ 2
ಅದರ ಜೊತೆ ಕೋಶಗಳನ್ನೂ ನೋಡಿ. ಜಿಎಂ-ಸಿಎಸ್‌ಎಫ್ ಕಲ್ಚರ್‌ನಲ್ಲಿ ಮ್ಯಾಕ್ರೋಫೇಜ್‌ಗಳೂ (ಇನ್ನೊಂದು ಬಗೆಯ ನುಂಗುವ ಕೋಶ) ಸಿಡಿ11ಸಿ ತೋರಿಸುತ್ತವೆ, ಅಂದರೆ ಡೆಂಡ್ರೈಟಿಕ್ ಕೋಶದ ಗುರುತಾಗಿ ಬಳಸುವ ಪ್ರೋಟೀನನ್ನೇ. ಕ್ರಾಸ್-ಪ್ರೆಸೆಂಟೇಶನ್‌ನಲ್ಲಿ (ಹೊರಗಿಂದ ಬಂದ ಪ್ರೋಟೀನನ್ನು ಕ್ಲಾಸ್ 1 ಮೇಲೆ ತೋರಿಸುವುದು) ಗಟ್ಟಿಗರು ಸಿಡಿಸಿ1 ಎಂಬ ಬಗೆಯ ಡೆಂಡ್ರೈಟಿಕ್ ಕೋಶಗಳು. ಅವು ಬೇಕಿದ್ದರೆ ಜಿಎಂ-ಸಿಎಸ್‌ಎಫ್ ಬದಲು ಎಫ್‌ಎಲ್‌ಟಿ3 ಲೈಗಂಡ್‌ನಲ್ಲಿ 9–10 ದಿನ ಬೆಳೆಸಿ.

96 ಗುಳಿಯ ಪ್ಲೇಟ್‌ನಲ್ಲಿ ಗುಳಿಗೆ 50,000 ಡೆಂಡ್ರೈಟಿಕ್ ಕೋಶ ಹಾಕಿ, ಪ್ರೋಟೀನ್ ಕೊಟ್ಟು, ಮೂರು ಸಲ ತೊಳೆದು, 1 ಲಕ್ಷ ಬಿ3ಝಡ್ ಸೇರಿಸಿ ರಾತ್ರಿಯಿಡೀ ಬಿಡಿ. ಆಮೇಲೆ ಸಿಪಿಆರ್‌ಜಿ (ಆ ಕಿಣ್ವ ಕತ್ತರಿಸುವ ಬಣ್ಣದ ವಸ್ತು) ಇರುವ, ಕೋಶ ಒಡೆಯುವ ಲೈಸಿಸ್ ಬಫರ್ ಹಾಕಿ; ಬಿ3ಝಡ್ ತುಣುಕನ್ನು ಗುರುತಿಸಿದ್ದರೆ ಹಳದಿ ಕೆಂಪಾಗುತ್ತದೆ. ಡೆಂಡ್ರೈಟಿಕ್ ಕೋಶಗಳು ಮಾತ್ರ ಇರುವ ಗುಳಿ ಮರೆಯಬೇಡಿ, ಅವುಗಳದ್ದೇ ಗ್ಯಾಲಕ್ಟೊಸಿಡೇಸ್ ಹಿನ್ನೆಲೆ ಬಣ್ಣ ಕೊಡುತ್ತದೆ.

ಪ್ರಶ್ನೆ
ಬಣ್ಣ ಬಂದರೆ ಅದು ಕ್ರಾಸ್-ಪ್ರೆಸೆಂಟೇಶನ್ನೇ ಎಂದು ಹೇಳಬಹುದೇ? ಓವಾಲ್ಬುಮಿನ್ ಪುಡಿಯಲ್ಲೇ ಮುರಿದ ಪೆಪ್ಟೈಡ್ ಇದ್ದರೆ?

ಉತ್ತರ 1
ಸರಿಯಾದ ಅನುಮಾನ. ಕೋಶಗಳನ್ನು ಮೊದಲೇ ಗ್ಲುಟರಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಚೆನ್ನಾಗಿ ತೊಳೆದು, ಆಮೇಲೆ ಪ್ರೋಟೀನ್ ಕೊಡಿ. ಆಗಲೂ ಬಣ್ಣ ಬಂದರೆ ತಪ್ಪು ಪುಡಿಯದ್ದು. ಪ್ರೋಟಿಯಸೋಮ್ ತಡೆಯುವ ಎಪಾಕ್ಸೊಮೈಸಿನ್ ಹಾಕಿ ಪ್ರೋಟೀನ್ ಕೊಟ್ಟ ಗುಳಿಯಲ್ಲಿ ಸಿಗ್ನಲ್ ಕಡಿಮೆಯಾಗಬೇಕು, ಆದರೆ ಅದೇ ಔಷಧದ ಜೊತೆ ಪೆಪ್ಟೈಡ್ ಕೊಟ್ಟ ಗುಳಿಯಲ್ಲಿ ಕಡಿಮೆಯಾಗಬಾರದು. ಎರಡರಲ್ಲೂ ಕಡಿಮೆಯಾದರೆ ಕೋಶ ಸಾಯುತ್ತಿದೆ ಅಥವಾ ತೊಳೆದದ್ದು ಸಾಲದೆ ಔಷಧ ಬಿ3ಝಡ್‌ಗೂ ತಗುಲಿದೆ ಅಂತ ಅರ್ಥ.

ಉತ್ತರ 2
ಮುಂದೆ ಓಟಿ-1 ಕೋಶಗಳಿಗೆ (ಇದೇ ತುಣುಕನ್ನು ಗುರುತಿಸುವ, ಇಲಿಯಿಂದ ತೆಗೆದ ಟಿ ಕೋಶಗಳು) ಹೋಗುವುದಾದರೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಎಲ್‌ಪಿಎಸ್) ಇಲ್ಲದ ಓವಾಲ್ಬುಮಿನ್ ಕೊಳ್ಳಿ. ಬಿ3ಝಡ್‌ಗೆ ಸಹ-ಉತ್ತೇಜನ (ಡೆಂಡ್ರೈಟಿಕ್ ಕೋಶದ ಸಿಡಿ86ನಂಥ ಅಣುಗಳು ಕೊಡುವ ಎರಡನೇ ಸಂಕೇತ) ಬೇಡ, ಓಟಿ-1ಗೆ ಬೇಕು. ಎಲ್‌ಪಿಎಸ್ ಬೆರೆತಿದ್ದರೆ ಪ್ರದರ್ಶನ ಹೆಚ್ಚಿತೋ ಸಿಡಿ86 ಹೆಚ್ಚಿತೋ ಬಿಡಿಸಿ ಹೇಳಲಾಗುವುದಿಲ್ಲ.