ಹೆಸರು ಹೇಳದೆ ಹೋದ ಹುಡುಗನ ಋಣ

ಕೇಳಿದವರು, ದಾವಣಗೆರೆ

ಹೋದ ಸೆಪ್ಟೆಂಬರಿನಲ್ಲಿ ಅಪ್ಪನಿಗೆ ಡೆಂಗಿ ಬಂದು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಪ್ಲೇಟ್‌ಲೆಟ್ ಒಂಬತ್ತು ಸಾವಿರಕ್ಕೆ ಇಳಿದು ವಸಡಿನಿಂದ ರಕ್ತ ಒಸರುತ್ತಿತ್ತು. ರಾತ್ರಿ ಹತ್ತು ಗಂಟೆಗೆ, ದಾನಿಯನ್ನು ಈಗಲೇ ಕರೆಸಿ ಅಂದರು. ಆ ಊರಲ್ಲಿ ನನಗೆ ಗೊತ್ತಿದ್ದವರು ಇಬ್ಬರು, ಇಬ್ಬರೂ ಫೋನ್ ಎತ್ತಲಿಲ್ಲ. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಯಾರಿಗೋ ಊಟದ ಪಾರ್ಸೆಲ್ ಕೊಟ್ಟು ಇಳಿಯುತ್ತಿದ್ದ ಹುಡುಗ ನಿಂತು "ಯಾಕಕ್ಕಾ?" ಅಂದ. ಹೇಳಿದೆ. "ನಂದು ಅದೇ ಗುಂಪು, ನಡೀರಿ" ಅಂದುಬಿಟ್ಟ. ಪರೀಕ್ಷೆ, ಕಾಯುವುದು, ಕೊಡುವುದು ಸೇರಿ ನಾಲ್ಕು ಗಂಟೆ. ಆ ರಾತ್ರಿಯ ಅವನ ದುಡಿಮೆ ಪೂರ್ತಿ ಹೋಯಿತು. ಎರಡು ಸಾವಿರ ಕೈಗಿಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡು, "ನೀವೂ ಯಾರಿಗಾದ್ರೂ ಮಾಡಿ ಅಕ್ಕ" ಅಂದ. ಅಪ್ಪನನ್ನು ನೋಡಿ ಬರುವಷ್ಟರಲ್ಲಿ ಹೊರಟೇ ಹೋಗಿದ್ದ. ಹೆಸರೂ ಕೇಳಿರಲಿಲ್ಲ.

ಅಪ್ಪ ಈಗ ಆರಾಮಾಗಿದ್ದಾರೆ. ನಾನು ಇನ್ಸುಲಿನ್ ತೆಗೆದುಕೊಳ್ಳುವವಳು, ರಕ್ತ ಕೊಡುವಂತಿಲ್ಲ. ಹಾಗಾದರೆ ಅವನ ಮಾತನ್ನು ಹೇಗೆ ನಡೆಸಲಿ? ಇಂಥ ಋಣ ಹೊತ್ತವರು ನೀವೇನು ಮಾಡಿದಿರಿ?

ಹುಬ್ಬಳ್ಳಿಯಿಂದ

ಅಕ್ಕಾರ, ನಾ ರಕ್ತನಿಧಿಯೊಳಗ ಹದಿನಾಲ್ಕು ವರ್ಷದಿಂದ ಕೆಲಸ ಮಾಡಾಕತ್ತೀನಿ. ಮೊದಲ ಒಂದು ಮಾತು: ಆ ಹುಡುಗ ರೊಕ್ಕ ಒಲ್ಲೆ ಅಂದದ್ದು ಭಾಳ ಚಲೋ ಆತು. ರೊಕ್ಕ ತೊಗೊಂಡು ರಕ್ತಾ ಕೊಡೋದನ್ನ ಸುಪ್ರೀಂ ಕೋರ್ಟಿನ ಆದೇಶದ ಮ್ಯಾಲೆ 1998ರ ಜನವರಿಯಿಂದ ನಿಲ್ಲಿಸ್ಯಾರ. ಅವತ್ತಿನಿಂದ ನಮ್ಮ ಫ್ರಿಜ್ ತುಂಬೋದು ಇಂಥ ಮಂದಿಯಿಂದನ.

ರಕ್ತಾ ಕೊಡಾಕ ಬರಂಗಿಲ್ಲ ಅಂತ ಮನಸಿಗೆ ಹಚ್ಕೋಬ್ಯಾಡ್ರಿ. ನಮಗ ಕೊಡವರಷ್ಟ ಕರಕೊಂಡು ಬರವರೂ ಬೇಕು. ಪ್ಲೇಟ್‌ಲೆಟ್ ಬರೇ ಐದು ದಿನ ಇರತಾವ, ಕೂಡಿಡಾಕ ಆಗಂಗಿಲ್ಲ. ಬ್ಯಾಸಿಗಿ ಸೂಟಿ ಬಂತಂದ್ರ ಕಾಲೇಜ್ ಶಿಬಿರ ನಿಂತು ರಕ್ತಾನೂ ಕಮ್ಮಿ ಬೀಳತೈತಿ. ನಿಮ್ಮ ಗುರತಿನವರೊಳಗ ಹದಿನೆಂಟರಿಂದ ಅರವತ್ತೈದು ವಯಸ್ಸಿನವರು, 45 ಕಿಲೋಕಿಂತ ಜಾಸ್ತಿ ತೂಕ ಇದ್ದವರು ಯಾರ್ಯಾರ ಅದಾರ ನೋಡ್ರಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಣ್ಣುಮಕ್ಕಳು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹಿಮೋಗ್ಲೋಬಿನ್ 12.5 ಇರಬೇಕು. ಅದು ಕಮ್ಮಿ ಅಂತ ನಮ್ಮ ಹೆಣ್ಣುಮಕ್ಕಳು ಭಾಳ ಮಂದಿ ವಾಪಸ್ ಹೋಗ್ತಾರ, ಮಾರಿ ಸಣ್ಣದು ಮಾಡ್ಕೊಂಡು. ನೋಡಿದ್ರ ಹೊಟ್ಟಿ ಚುರ್ ಅಂತೈತಿ.

ಮೊದಲ ಸಲ ಬಂದವರಿಗೆ ಸೂಜಿಕಿಂತ ಒಬ್ಬರ ಕುಂಡ್ರೋದರ ಅಂಜಿಕಿನ ಜಾಸ್ತಿ. ಬಾಜೂಕ ಯಾರರ ಕುಂತು ಮಾತಾಡಿದ್ರ ಸಾಕು, ಅವರು ಮತ್ತೊಮ್ಮೆ ಬರತಾರ. ಆ ಕೆಲಸಕ್ಕ ನಿಮ್ಮ ಇನ್ಸುಲಿನ್ ಏನೂ ಅಡ್ಡ ಬರಂಗಿಲ್ಲ.

ಶಿರಸಿ ಕಡೆಯಿಂದ

ತಂಗಿ, ನಿನ್ನ ಪ್ರಶ್ನೆ ಓದಿ ನನಗೆ 1997ರ ಮಳೆಗಾಲ ಕಣ್ಣಮುಂದೆ ಬಂತು. ಎಂಟನೇ ತಿಂಗಳಲ್ಲಿ ಬಾಡಿಗೆ ಜೀಪಿನಲ್ಲಿ ತವರಿಗೆ ಹೊರಟಿದ್ದೆ. ದೇವಿಮನೆ ಘಟ್ಟದಲ್ಲಿ ಜೀಪು ಕೆಟ್ಟಿತು, ಅಲ್ಲೇ ನೋವು ಶುರುವಾಯಿತು. ಕತ್ತಲೆ, ಜಡಿಮಳೆ. ಮೊಬೈಲು ಇಲ್ಲದ ಕಾಲ. ಎರಡು ಗಾಡಿ ನಿಲ್ಲಿಸದೆ ಹೋದವು. ಮೂರನೆಯದು ಶಿರಸಿಯಲ್ಲಿ ಮೀನು ಇಳಿಸಿ ಖಾಲಿ ವಾಪಸಾಗುತ್ತಿದ್ದ ಲಾರಿ. ಡ್ರೈವರ್ ಕ್ಲೀನರನ್ನು ಹಿಂದಕ್ಕೆ ಕಳಿಸಿ ನನ್ನನ್ನು ಮುಂದೆ ಮಲಗಿಸಿದ. ತನ್ನ ಒಣಗಿದ ಲುಂಗಿಯನ್ನು ಹೊದೆಸಿದ. ತಿರುವು ಬಂದಾಗಲೆಲ್ಲ "ಈಗ ಎಡಕ್ಕೆ ವಾಲ್ತದೆ ತಾಯಿ, ಗಟ್ಟಿ ಹಿಡ್ಕೊಳ್ಳಿ" ಎಂದು ಮೊದಲೇ ಹೇಳುತ್ತಿದ್ದ. ಕುಮಟೆ ತಲುಪಿ ಅರ್ಧ ಗಂಟೆಗೆ ಮಗಳು ಹುಟ್ಟಿದಳು. ನನ್ನ ಯಜಮಾನರು ಹೊರಗೆ ಬಂದು ನೋಡಿದರೆ ಲಾರಿ ಇಲ್ಲ.

ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ನೆಟ್ಟಿಯ ದಿನ ಅವರು ನಮ್ಮ ಗದ್ದೆಗೆ ಬಂದರೆ ಅವರ ಗದ್ದೆಗೆ ನಾವು ಹೋಗಬೇಕು. ಮದುವೆಮನೆಯ ಮುಯ್ಯಿಯನ್ನಂತೂ ಪುಸ್ತಕದಲ್ಲೇ ಬರೆದಿಡುತ್ತಾರೆ. ಆ ಲಾರಿಯವನದ್ದನ್ನು ಯಾವ ಪುಟದಲ್ಲಿ ಬರೆಯಲಿ? ಹಲವು ವರ್ಷ ಇದೇ ಕೊರಗಿತ್ತು, ಮೀನಿನ ಲಾರಿ ಕಂಡರೆ ಡ್ರೈವರನ ಮುಖ ನೋಡುತ್ತಿದ್ದೆ.

ಈಗ ನಮ್ಮ ಮನೆ ರಸ್ತೆಯ ಮಗ್ಗುಲಲ್ಲೇ ಇದೆ. ಮಳೆಗಾಲದಲ್ಲಿ ಜಗುಲಿಯ ದೀಪ ರಾತ್ರಿಯಿಡೀ ಉರಿಯುತ್ತದೆ. ಗಾಡಿ ಕೆಟ್ಟವರು ಬೆಳಕು ನೋಡಿ ಬರುತ್ತಾರೆ. ಟಾರ್ಚು, ಹಗ್ಗ, ಒಂದೆರಡು ಒಣ ಪಂಚೆ ತೆಗೆದಿಟ್ಟಿರುತ್ತೇನೆ, ಕೇಳಿದವರಿಗೆ ಚಾ. ಬೇಸಿಗೆಯಲ್ಲಿ ಗೇಟಿನ ಹತ್ತಿರ ಮಜ್ಜಿಗೆ ಕೊಡ. ಅತ್ತೆ ಇದನ್ನು ಅರವಟ್ಟಿಗೆ ಎನ್ನುತ್ತಿದ್ದರು. ಬಹಳ ಹಳೆಯ ಮಾತು, ಶಾಸನಗಳಲ್ಲೂ ಬರುತ್ತದೆ. ಅರವಟ್ಟಿಗೆ ಇಟ್ಟವರು, ಕುಡಿದವರು ಯಾರೆಂದು ಕೇಳುವುದಿಲ್ಲ. ಅದು ತಲೆಗೆ ಹೋದ ಮೇಲೆ ಲಾರಿಯವರ ಮುಖ ಹುಡುಕುವುದನ್ನು ಬಿಟ್ಟೆ.

ಬೆಂಗಳೂರಿನಿಂದ

ಚಿಕ್ಕದಾಗಿ ಹೇಳುತ್ತೇನೆ. ತುಮಕೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದಾಗ ಸುತ್ತ ಜನ ನಿಂತಿದ್ದರು, ಯಾರೂ ಮುಟ್ಟಲಿಲ್ಲ. ಆಟೋದವರೊಬ್ಬರು ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟರು. ಉಳಿದವರು ಕೆಟ್ಟವರಲ್ಲ, ಪೊಲೀಸು, ಸಾಕ್ಷಿ, ಅಲೆದಾಟ ಅಂತ ಹೆದರಿದವರು. ಆಮೇಲೆ ತಿಳಿದುಕೊಂಡೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ವಿಳಾಸ ಕೊಡಿ ಅಂತ ಬಲವಂತ ಮಾಡುವಂತೆಯೂ ಇಲ್ಲ. ನಾನು ಮಾಡುವುದು ಇಷ್ಟೇ, ಹತ್ತುವ ಪ್ರತಿ ಆಟೋದಲ್ಲೂ ಇದನ್ನು ಹೇಳುತ್ತೇನೆ. ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಮೈಸೂರಿನಿಂದ

ಒಂದು ಕೋರಿಕೆ. ಆ ಹುಡುಗನ ಫೋಟೋ ಇದ್ದರೂ ಹಾಕಿ ಹುಡುಕಬೇಡಿ. ಹೆಸರು ಹೇಳದೆ ಹೋಗುವುದು ಅವನೇ ಆರಿಸಿಕೊಂಡದ್ದು. ಪಿಯುಸಿಯಲ್ಲಿ ನನ್ನ ಶುಲ್ಕ ಕಟ್ಟಿದ್ದು ಯಾರೆಂದು ಕಾಲೇಜಿನ ಗುಮಾಸ್ತರು ಕೊನೆಗೂ ಬಾಯಿ ಬಿಡಲಿಲ್ಲ. ಆಗ ಸಿಟ್ಟು ಬಂದಿತ್ತು. ಈಗ ಅಲ್ಲೇ ವರ್ಷಕ್ಕೊಬ್ಬರ ಶುಲ್ಕ ಕಟ್ಟುತ್ತೇನೆ. ಯಾರದ್ದು ಅಂತ ನಾನೂ ಕೇಳಿಲ್ಲ, ಆ ಮಗು ಕ್ಯಾಂಪಸ್ಸಿನಲ್ಲಿ ನನ್ನೆದುರು ತಲೆ ತಗ್ಗಿಸುವುದು ನನಗೆ ಬೇಡ.

ಕೇಳಿದವರು, ದಾವಣಗೆರೆ

ಎಲ್ಲರದ್ದನ್ನೂ ಅಪ್ಪನಿಗೆ ಓದಿ ಹೇಳಿದೆ. ಘಟ್ಟದ ಕಥೆಯನ್ನು ಎರಡು ಸಲ ಓದಿಸಿದರು. ನನ್ನ ತಮ್ಮ, ನಮ್ಮ ಶಾಲೆಯ ಇಬ್ಬರು ಮೇಷ್ಟ್ರು ಬರುವ ಭಾನುವಾರ ರಕ್ತ ಕೊಡಲು ಒಪ್ಪಿದ್ದಾರೆ, ಮೂವರಿಗೂ ಮೊದಲ ಸಲ. ನಾನು ಪಕ್ಕದಲ್ಲಿ ಕೂರುವವಳು. ಹುಬ್ಬಳ್ಳಿಯ ಅಣ್ಣಾ, ಏನೇನು ಸಿದ್ಧತೆ ಬೇಕು?

ಹುಬ್ಬಳ್ಳಿಯಿಂದ

ಖಾಲಿ ಹೊಟ್ಟಿಲೆ ಕರಕೊಂಡು ಬರಬ್ಯಾಡ್ರಿ, ಅದ ದೊಡ್ಡದು. ಮುಂಜಾನೆ ನಾಷ್ಟಾ ಆಗಿರಲಿ, ನೀರು ಜಾಸ್ತಿ ಕುಡಿಸ್ರಿ. ಹಿಂದಿನ ರಾತ್ರಿ ನಿದ್ದಿ ಚಲೋ ಆಗಿರಬೇಕು. ಆದಿಂದ ಹತ್ತು ಹದಿನೈದು ನಿಮಿಷ ಏಳಾಕ ಬಿಡಬ್ಯಾಡ್ರಿ, ಅವಸರ ಮಾಡಿ ಎದ್ದವರಿಗೇ ತಲಿ ತಿರುಗೋದು. ತಮ್ಮಾರು ವಾಪಸ್ ಹೋಗುವಾಗ ಗಾಡಿ ಹೊಡಿಯೋದು ಬ್ಯಾಡ, ಬ್ಯಾರೆ ಯಾರರ ಹೊಡೀಲಿ.