ಪದಚರ್ಚೆ: ‘ಆಮ್ಲ ಗ್ರಾಹಕ’ವೋ, ‘ಆಮ್ಲಸಂವೇದಿ ನಾಳ’ವೋ?

ಪ್ರಶ್ನೆ: ನರಕೋಶಗಳಲ್ಲಿ ಆಮ್ಲವನ್ನು ಗುರುತಿಸುವ ರಿಸೆಪ್ಟರ್‌ಗಳ ಬಗ್ಗೆ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಎಲ್ಲ ಕಡೆ ‘ಆಮ್ಲ ಗ್ರಾಹಕ’ ಎಂದಿದೆ. ‘ನೇಕೆಡ್ ಮೋಲ್ ರ‍್ಯಾಟ್‌ಗೆ ಆಮ್ಲ ಗ್ರಾಹಕಗಳಿಲ್ಲ, ಕೋಳಿಯವು ಕೆಲಸ ಮಾಡುವುದಿಲ್ಲ’ ಎಂಬ ವಾಕ್ಯವೂ ಇದೆ. ಯಾವ ಪದ ಇಟ್ಟುಕೊಳ್ಳಲಿ?

ಉತ್ತರ: ಮೊದಲು ಆ ವಾಕ್ಯವನ್ನೇ ತಿದ್ದಿ, ಎರಡು ಮಾತೂ ತಪ್ಪು.

ಗ್ರಾಹಕ ಎಂದಾಗ ಅಂಗಡಿಯ ಗಿರಾಕಿ ನೆನಪಾಗುವುದು ಸಣ್ಣ ತೊಂದರೆ. ಇನ್ಸುಲಿನ್ ಗ್ರಾಹಕ ಎಂದರೆ ಯಾರೂ ಗೊಂದಲಪಡುವುದಿಲ್ಲ. ಆದರೆ ನಿಮ್ಮ ಲೇಖನದ ಆಮ್ಲ ಗುರುತಿಸುವ ರಿಸೆಪ್ಟರ್, ಅಂದರೆ ಏಸಿಕ್ (ASIC) ಎಂಬ ಪ್ರೋಟೀನು, ಆಮ್ಲದ ಹೈಡ್ರೋಜನ್ ಅಯಾನನ್ನು ಹಿಡಿದು ಸುಮ್ಮನಿರುವುದಿಲ್ಲ, ತಾನೇ ತೆರೆದುಕೊಂಡು ಸೋಡಿಯಂ ಅನ್ನು ಕೋಶದೊಳಕ್ಕೆ ಬಿಡುತ್ತದೆ. ಆದ್ದರಿಂದ ‘ಆಮ್ಲಸಂವೇದಿ ಅಯಾನು ನಾಳ’ ಒಳ್ಳೆಯದು. ‘ಆಮ್ಲಸೂಕ್ಷ್ಮ’ ಬೇಡ, ಆಮ್ಲ ತಗುಲಿದರೆ ಕೆಡುವ ವಸ್ತು ಎಂಬ ಅರ್ಥ ಬಂದೀತು.

‘ಸಂವೇದಿ’ ಎನ್ನುವುದು ನಾಳಕ್ಕೆ ಸಲ್ಲುವ ವಿಶೇಷಣ, ‘ನೋವು’ ಪ್ರಾಣಿಗೆ. ಲೇಖಕರು ಎಡವಿರುವುದು ಇಲ್ಲೇ. ನೇಕೆಡ್ ಮೋಲ್ ರ‍್ಯಾಟ್ ಎಂಬ ಪೂರ್ವ ಆಫ್ರಿಕದ ಬಿಲವಾಸಿ ಇಲಿಯ ನೋವಿನ ನರಗಳಲ್ಲಿ ಆಮ್ಲದಿಂದ ತೆರೆಯುವ ನಾಳಗಳು ಇವೆ. ಆದರೂ ಅದಕ್ಕೆ ಆಮ್ಲದ ನೋವಾಗುವುದಿಲ್ಲ, ವ್ಯತ್ಯಾಸ ಆ ನಾಳಗಳ ಮುಂದಿನ ಹಂತದ್ದು. ಸಂಕೇತವನ್ನು ಮುಂದೊಯ್ಯುವ ಸೋಡಿಯಂ ನಾಳ ಎನ್‌ಎವಿ1.7ರಲ್ಲಿ ಕೆಲವು ಅಮೈನೊ ಆಮ್ಲಗಳು ಬದಲಾಗಿರುವುದರಿಂದ, ಅದೇ ಆಮ್ಲ ಆ ನಾಳವನ್ನು ಬಲವಾಗಿ ತಡೆಯುತ್ತದೆ. 2011ರಲ್ಲಿ ತಿಳಿದ ಸಂಗತಿ ಇದು. ‘ಆಮ್ಲದ ನೋವಿನ ಸಂಕೇತ ಮುಂದೆ ಸಾಗುವುದಿಲ್ಲ’ ಎಂದು ಬರೆಯಿರಿ.

ಕೋಳಿಯ ಮಾತಂತೂ ಪೂರಾ ತಲೆಕೆಳಗು. ಏಸಿಕ್‌ನ ಮೂರು ಉಪಘಟಕಗಳ ರಚನೆ 2007ರಲ್ಲಿ ಮೊದಲು ಸ್ಪಷ್ಟವಾದದ್ದೇ ಕೋಳಿಯ ಪ್ರೋಟೀನಿನಿಂದ. ಬಹುಶಃ ಲೇಖಕರು ಟಿಆರ್‌ಪಿವಿ1 ಎಂಬ ಬೇರೆ ನಾಳದ ಸುದ್ದಿಯನ್ನು ಬೆರೆಸಿದ್ದಾರೆ. ಸಸ್ತನಿಗಳಲ್ಲಿ ಅದು ಬಿಸಿ, ಆಮ್ಲ, ಮೆಣಸಿನಕಾಯಿಯ ಖಾರ ಮೂರಕ್ಕೂ ತೆರೆಯುತ್ತದೆ. ಕೋಳಿಯಲ್ಲಿ ಖಾರಕ್ಕೆ ಮಾತ್ರ ಜಗ್ಗುವುದಿಲ್ಲ. ಹಕ್ಕಿಗಳು ಮೆಣಸಿನಕಾಯಿ ನುಂಗಿ ಬೀಜ ಹರಡುವುದು ಇದರಿಂದಲೇ ಸಾಧ್ಯ.

ಹುಳಿ ರುಚಿಯ ಓಟಾಪ್1 ಅನ್ನು ಇದೇ ಗುಂಪಿಗೆ ಸೇರಿಸಬೇಡಿ. ಅದು ಪ್ರೋಟಾನನ್ನೇ, ಅಂದರೆ ಹೈಡ್ರೋಜನ್ ಅಯಾನನ್ನೇ ಒಳಬಿಡುವ ನಾಳ, ಬೇರೆ ಕುಟುಂಬ.

ಮತ್ತೊಂದು ಉತ್ತರ: ಅಂಕಿಗಳನ್ನೂ ನೋಡಿಕೊಳ್ಳಿ. ಪಿಎಚ್ ಇಳಿದಷ್ಟೂ ಆಮ್ಲ ಹೆಚ್ಚು. ಏಸಿಕ್‌ನ ಬಗೆಗಳಲ್ಲಿ ಏಸಿಕ್1ಎ ಪಿಎಚ್ 6.5ರ ಆಸುಪಾಸಿನಲ್ಲೇ ಚುರುಕಾಗುತ್ತದೆ, ಏಸಿಕ್2ಎಗೆ 5ಕ್ಕಿಂತ ಕೆಳಗಿಳಿಯಬೇಕು. ಅಂದರೆ ಪಿಎಚ್ ಸಂಖ್ಯೆ ದೊಡ್ಡದಿರುವುದೇ ಹೆಚ್ಚು ಸಂವೇದಿ. ಅನುವಾದದಲ್ಲಿ ಇದು ಸಾಮಾನ್ಯವಾಗಿ ಉಲ್ಟಾ ಆಗುತ್ತದೆ. ಪಿಎಚ್ 7.4ರಿಂದ 6.4ಕ್ಕೆ ಬಂದಾಗ ‘ಸ್ವಲ್ಪ ಇಳಿಕೆ’ ಎನ್ನಬೇಡಿ. ಹೈಡ್ರೋಜನ್ ಅಯಾನು ಸುಮಾರು 40 ನ್ಯಾನೊಮೋಲಾರ್‌ನಿಂದ 400ಕ್ಕೆ, ಅಂದರೆ ಹತ್ತು ಪಟ್ಟು ಏರಿರುತ್ತದೆ.